ಗೇರು ಹಣ್ಣಿನ ವೈನಿಗೂ ಬರಲಿ ಕನ್ನಡದ ಕೋಡ್

ಪುತ್ತಿಗೆ: "ಇದೆಂತ ಮಾರಾಯ, ಇರುವೆ ಸಾಲು ಚೆಲ್ಲಾಪಿಲ್ಲಿಯಾದ ಹಾಗೆ ಉಂಟಲ್ಲ?"

ಯುರೋಪಿನಿಂದ ರಜೆಗೆ ಬಂದ ಮೊಮ್ಮಗನ ವೈನ್ ಬಾಟಲಿಯ ಹಿಂಬದಿಯಲ್ಲಿದ್ದ ಕಪ್ಪು-ಬಿಳುಪು ಚೌಕ ನೋಡಿ ಇಲ್ಲಿನ ಅಜ್ಜರೊಬ್ಬರು ಕೇಳಿದ ಪ್ರಶ್ನೆಯಿದು. ಮೊಮ್ಮಗ ಮೊಬೈಲ್ ಹಿಡಿದ. ದ್ರಾಕ್ಷಿ, ಸಲ್ಫೈಟ್, ಕ್ಯಾಲೊರಿ ಲೆಕ್ಕ ಎಲ್ಲವೂ ಬಂತು, ಆದರೆ ಇಂಗ್ಲಿಷಿನಲ್ಲಿ. ಅಜ್ಜರಿಗೆ ತಿಳಿಯಬೇಕಾದದ್ದು ಒಂದೇ: "ದಮ್ಮು ಇರುವವರಿಗೆ ಆಗ್ತದಾ ಅದು?"

ವೈನ್ ಕೆಡದಂತೆ ಬಳಸುವ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ತರಿಸುತ್ತದೆ. ಹಾಗಾಗಿ ಅಜ್ಜರ ಪ್ರಶ್ನೆ ತಮಾಷೆಯದ್ದಲ್ಲ.

ಏನಿದು ಕೋಡ್?

ಐರೋಪ್ಯ ಒಕ್ಕೂಟದಲ್ಲಿ 2023ರ ಡಿಸೆಂಬರ್ 8ರಿಂದ ತಯಾರಾಗುವ ವೈನಿಗೆ ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ವಿವರ ಕೊಡುವುದು ಕಡ್ಡಾಯ. ಲೇಬಲಿನಲ್ಲಿ ಜಾಗ ಸಾಲದವರು ಇವನ್ನು ಕ್ಯೂಆರ್ ಕೋಡ್ ಮೂಲಕ ಕೊಡಬಹುದು. ಆದರೆ ಅಲರ್ಜಿ ತರುವ ಪದಾರ್ಥ ಮತ್ತು ಶಕ್ತಿಯ ಪ್ರಮಾಣ ಬಾಟಲಿಯ ಮೇಲೆಯೇ ಇರಬೇಕು. ಕೋಡ್ ತೆರೆಯುವ ಪುಟದಲ್ಲಿ ಮಾರಾಟದ ಜಾಹೀರಾತು ಹಾಕುವಂತಿಲ್ಲ, ನೋಡಿದವರ ಮಾಹಿತಿ ಸಂಗ್ರಹಿಸುವಂತೆಯೂ ಇಲ್ಲ.

ಇಂಥ ಕೋಡಿನ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಜಾಲತಾಣದ ವಿಳಾಸ ಮಾತ್ರ. ರೇಂಜ್ ಇಲ್ಲದ ಕಡೆ ಮೊಬೈಲ್ ಎಷ್ಟು ತಿರುಗಿಸಿದರೂ ಪುಟ ತೆರೆಯದು. ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ ಕಾಗದದ ಮೇಲೆಯೇ ಇರಬೇಕೆನ್ನುವುದು ಇದಕ್ಕೇ.

ನಮಗೇನು ಸಂಬಂಧ?

ನಮ್ಮ ಗುಡ್ಡಗಳಲ್ಲಿ ಬೇಸಿಗೆ ಬಂತೆಂದರೆ ಗೇರುಬೀಜ ಅಂಗಡಿಗೆ ಹೋಗುತ್ತದೆ, ಹಣ್ಣು ಮರದಡಿ ಕೊಳೆಯುತ್ತದೆ. ಹಣ್ಣುಹಂಪಲಿನಿಂದ ಕಡಿಮೆ ಮದ್ಯಾಂಶದ ವೈನ್ ಮಾಡುವ ಸಣ್ಣ ಘಟಕಗಳಿಗೆ ಪರವಾನಗಿ ಕೊಡುವ ನಿಯಮವನ್ನು ಕೇರಳ ಸರಕಾರ 2022ರಲ್ಲಿ ತಂದಿದೆ. ಕೇರಳ ಕೃಷಿ ವಿಶ್ವವಿದ್ಯಾಲಯ 'ನಿಳಾ' ಹೆಸರಿನಲ್ಲಿ ಗೇರು ಹಣ್ಣು, ಅನಾನಸು, ಬಾಳೆಹಣ್ಣಿನ ವೈನ್ ತಯಾರಿಸಿದೆ. ಕೊಳೆಯುವ ಹಣ್ಣಿಗೂ ನಾಲ್ಕು ಕಾಸು ಸಿಕ್ಕರೆ ಬೆಳೆಗಾರರು ಬೇಡ ಎನ್ನಲಾರರು.

ನಮ್ಮ ಹಣ್ಣು ಬಾಟಲಿಗೆ ಇಳಿಯುವ ಕಾಲಕ್ಕೆ ಲೇಬಲ್ ಯಾವ ಭಾಷೆಯಲ್ಲಿರುತ್ತದೆ ಎನ್ನುವುದೇ ಗಡಿನಾಡಿನವರ ಪ್ರಶ್ನೆ. 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಮದ್ಯದ ಬಾಟಲಿಯಲ್ಲಿ ಆರೋಗ್ಯದ ಎಚ್ಚರಿಕೆ ಕಡ್ಡಾಯ, ಅದನ್ನು ಪ್ರಾದೇಶಿಕ ಭಾಷೆಯಲ್ಲಿ ಮುದ್ರಿಸಲೂ ಅವಕಾಶವುಂಟು. ಮಲಯಾಳ, ಇಂಗ್ಲಿಷ್ ಮುದ್ರಿಸಿದ ಮೇಲೆ ಕನ್ನಡಕ್ಕೆ ಜಾಗವಿಲ್ಲ ಎನ್ನುವ ಮಾತು ನಮಗೆ ಹೊಸತಲ್ಲ. ಕೋಡಿನಲ್ಲಿ ಆ ನೆಪ ನಡೆಯುವುದಿಲ್ಲ. ಒಂದೇ ಚೌಕದಿಂದ ಹತ್ತು ಭಾಷೆಯ ಪುಟ ತೆರೆಯಬಹುದು, ಹೆಚ್ಚು ಬೇಕಾಗುವುದು ಅನುವಾದದ ಖರ್ಚು ಮಾತ್ರ.

ಕುಡಿಯುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಒಳಗೆ ಏನುಂಟೆಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕು ಮಾತ್ರ ಎಲ್ಲರದ್ದು. ಘಟಕಗಳು ಆರಂಭವಾಗುವ ಮೊದಲೇ ಪಂಚಾಯತುಗಳು, ಕನ್ನಡ ಸಂಘಟನೆಗಳು ಈ ಬೇಡಿಕೆ ಇಟ್ಟರೆ ಒಳ್ಳೆಯದು.

ಅಂದ ಹಾಗೆ, ಮೊಮ್ಮಗ ಅಂದು ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದ. ಅಜ್ಜರು ಬಾಟಲಿಯನ್ನು ಅವನ ಕೈಗೇ ಕೊಟ್ಟು, "ನನಗೆ ಚಾ ಸಾಕು" ಎಂದರು.