ಬೈಕ್ ಬೂಟು: ಅಂದಕ್ಕೋ, ಆಸರೆಗೋ?

‘ಅಮ್ಮಾ, ನನಗೆ ಬೈಕ್ ಬೂಟ್ಸ್ ಬೇಕು!’

‘ಏನೇ, ಪೊಲೀಸ್ ಕೆಲಸಕ್ಕೆ ಸೇರ್ತೀಯಾ?’ ಅಮ್ಮ ಹುಬ್ಬೇರಿಸುತ್ತಾಳೆ. ಅಪ್ಪ ಪೇಪರಿನ ಮರೆಯಲ್ಲೇ ನಗುತ್ತಾರೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದೇನು ಅಪರೂಪದ ದೃಶ್ಯವಲ್ಲ.

ದಪ್ಪ ಅಟ್ಟೆ, ಕಪ್ಪು ಚರ್ಮ, ಮಿನುಗುವ ಬಕಲ್. ಈ ಬೂಟಿನ ತವರು ಅಮೆರಿಕ. 1930ರ ದಶಕದಲ್ಲಿ ಅಲ್ಲಿ ಶ್ರಮದ ಕೆಲಸಗಾರರಿಗಾಗಿ ಬಂದ ‘ಎಂಜಿನಿಯರ್ ಬೂಟಿ’ಗೆ ಲೇಸಿರಲಿಲ್ಲ, ಬಕಲ್ ಪಟ್ಟಿಗಳಿದ್ದವು. ಸಿಕ್ಕಿಹಾಕಿಕೊಳ್ಳುವ ಲೇಸಿಲ್ಲದ ಕಾರಣ ಬೈಕ್ ಸವಾರರಿಗೂ ಒಗ್ಗಿತು. 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮರ್ಲಾನ್ ಬ್ರಾಂಡೊ ತೊಟ್ಟ ಮೇಲಂತೂ ಅದು ಯುವಕರ ಗುರುತಾಯಿತು. ಮುಂದೆ ಹುಡುಗಿಯರೂ ಅದನ್ನು ತಮ್ಮದಾಗಿಸಿಕೊಂಡರು.

ಆದರೆ ಅಂಗಡಿಯಲ್ಲಿ ‘ಬೈಕರ್ ಬೂಟ್’ ಎಂದು ಮಾರುವುದೆಲ್ಲ ಬೈಕಿಗೆ ತಕ್ಕದ್ದಲ್ಲ. ಎಷ್ಟೋ ಜೊತೆಗಳಲ್ಲಿ ಬಕಲ್ ಬರೀ ಅಲಂಕಾರ, ಚರ್ಮದಂತೆ ಕಾಣುವುದು ರೆಕ್ಸಿನ್. ಕ್ಲಾಸಿಗೆ, ಸಿನಿಮಾಕ್ಕೆ ನಡೆದು ಹೋಗಲು ಅದೂ ಸಾಕು. ಮಗಳು ಗಾಡಿ ಓಡಿಸುತ್ತಾಳಾದರೆ ಮಾತು ಬೇರೆ.

ಹಾಗಾದರೆ ಏನು ನೋಡಬೇಕು? ಬೂಟು ಪಾದದ ಗಿಣ್ಣನ್ನು ಪೂರ್ತಿ ಮುಚ್ಚಬೇಕು. ತುದಿ, ಹಿಮ್ಮಡಿ ಹಿಡಿದು ತಿರುಚಿ ನೋಡಿ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡರೆ ಬಿದ್ದಾಗ ಅದು ಕಾಲು ಕಾಯದು. ಅಟ್ಟೆ ರಬ್ಬರಿನದಾಗಿದ್ದು ಗೀರುಗಳಿರಲಿ. ನುಣುಪಾದ ಅಟ್ಟೆ ಮಳೆಯಲ್ಲಿ ಜಾರುತ್ತದೆ. ಹಿಮ್ಮಡಿ ಗಿಡ್ಡ, ಅಗಲ ಇರಲಿ. ಪೆನ್ಸಿಲ್ ಹೀಲ್ ಬೇಡವೇ ಬೇಡ. ಜೋತಾಡುವ ಪಟ್ಟಿ, ಉದ್ದನೆಯ ಲೇಸು ಗೇರ್ ಲಿವರಿಗೆ ಸಿಕ್ಕಿಕೊಳ್ಳಬಹುದು. ಯುರೋಪಿನ ಇಎನ್ 13634 ಮಾನದಂಡದಂತೆ ಪರೀಕ್ಷೆಯಾದ ಬೂಟಿನ ಲೇಬಲ್ಲಿನಲ್ಲಿ ಬೈಕ್ ಸವಾರನ ಪುಟ್ಟ ಚಿತ್ರವಿರುತ್ತದೆ. ಉಜ್ಜುವಿಕೆ, ಕೊಯ್ತ, ಪಕ್ಕದಿಂದ ಬೀಳುವ ಒತ್ತಡ ಇವನ್ನೆಲ್ಲ ತಡೆಯುವ ಶಕ್ತಿಯ ಪರೀಕ್ಷೆ ಅದು.

ಖರೀದಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಕೊಂಚ ಊದಿರುತ್ತದೆ. ದಪ್ಪ ಕಾಲುಚೀಲ ಒಯ್ಯಿರಿ. ಎರಡೂ ಕಾಲಿಗೆ ತೊಟ್ಟು ನಾಲ್ಕು ಹೆಜ್ಜೆ ನಡೆಯಿರಿ. ಬೆರಳು ಆಡಬೇಕು, ಹಿಮ್ಮಡಿ ಮೇಲೇಳಬಾರದು. ನಮ್ಮ ಸೆಕೆಗೆ ಮೊಣಕಾಲುದ್ದದ ಬೂಟಿಗಿಂತ ಗಿಣ್ಣಿನ ಮೇಲೆ ನಿಲ್ಲುವುದೇ ಹಿತ. ಕಪ್ಪು, ಕಂದು ಬಣ್ಣ ಜೀನ್ಸಿಗೂ ಸರಿ, ಉದ್ದ ಲಂಗಕ್ಕೂ ಸರಿ. ಮಳೆಯಲ್ಲಿ ನೆನೆದರೆ ಬಿಸಿಲಿಗಿಡದೆ, ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ.

ಹೆತ್ತವರಿಗೊಂದು ಮಾತು. ‘ಬೇಡ’ ಎನ್ನುವ ಮುನ್ನ ಮಗಳು ಈಗ ಏನು ತೊಟ್ಟು ಗಾಡಿ ಓಡಿಸುತ್ತಿದ್ದಾಳೆ, ನೋಡಿ. ಹವಾಯಿ ಚಪ್ಪಲಿಯೇ? ಹಾಗಿದ್ದರೆ ಅವಳ ಫ್ಯಾಷನ್ ಆಸೆಯೇ ನಿಮ್ಮ ಆತಂಕಕ್ಕೂ ಮದ್ದು. ಅಂಗಡಿಗೆ ಇಬ್ಬರೂ ಸೇರಿ ಹೋಗಿ. ಬಣ್ಣ ಅವಳು ಆರಿಸಲಿ, ಅಟ್ಟೆಯನ್ನು ನೀವು ತಿರುಚಿ ನೋಡಿ!