ಹರಿವು ಮಾಪಕವನ್ನು ಡ್ರಮ್ಮಿನಿಂದ ತಾಳೆ ನೋಡಿ

ಅರಸೀಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ನೀರನ್ನು ಗಂಟೆಯ ಲೆಕ್ಕದಲ್ಲಿ ಹಾಯಿಸುವುದು ವಾಡಿಕೆ. ಆದರೆ ಕೊಳವೆ ಬಾವಿಯ ನೀರು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಗಂಟೆಗೆ 9,000 ಲೀಟರ್ ಬರುವಾಗ 100 ಮರಗಳಿಗೆ ತಲಾ 60 ಲೀಟರ್ ಕೊಡಲು 40 ನಿಮಿಷ ಸಾಕು. ಬೇಸಿಗೆಯಲ್ಲಿ ಅದೇ ಬಾವಿ 6,000 ಲೀಟರಿಗೆ ಇಳಿದರೆ, ಅಷ್ಟೇ ಹೊತ್ತಿನಲ್ಲಿ ಮರಕ್ಕೆ ಸಿಗುವುದು 40 ಲೀಟರ್ ಮಾತ್ರ. ಈ ಕೊರತೆ ತಿಳಿಯುವ ಹೊತ್ತಿಗೆ ಹರಳು ಉದುರಿರುತ್ತದೆ. ಆದ್ದರಿಂದ ಗಂಟೆಗಿಂತ ಲೀಟರಿನ ಲೆಕ್ಕವೇ ಮೇಲು. ಇದಕ್ಕೆ ವಿದ್ಯುನ್ಮಾನ ಹರಿವು ಮಾಪಕ ನೆರವಾಗುತ್ತದೆ. ಆದರೆ ಮಾಪಕವನ್ನೂ ಆಗಾಗ ತಾಳೆ ನೋಡಬೇಕು.

ಕೆಲಸ ಮಾಡುವ ಬಗೆ

ವಿದ್ಯುತ್ಕಾಂತೀಯ ಮಾಪಕದಲ್ಲಿ ತಿರುಗುವ ಭಾಗಗಳಿಲ್ಲ. ಕಾಂತಕ್ಷೇತ್ರದ ಮೂಲಕ ನೀರು ಹರಿದಾಗ ಅದರ ವೇಗಕ್ಕೆ ತಕ್ಕಂತೆ ಅತಿ ಸಣ್ಣ ವಿದ್ಯುತ್ ಒತ್ತಡ ಉಂಟಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮವೇ ಇದಕ್ಕೆ ಆಧಾರ. ಮಾಪಕ ಅಳೆಯುವುದು ವೇಗವನ್ನು. ಪೈಪು ತುಂಬಿದೆ ಎಂದುಕೊಂಡು ಲೀಟರ್ ಲೆಕ್ಕ ಹಾಕುತ್ತದೆ. ಪೈಪಿನಲ್ಲಿ ಗಾಳಿ ಸೇರಿದ್ದರೆ ಅದೂ ನೀರಿನ ಲೆಕ್ಕಕ್ಕೆ ಸೇರುತ್ತದೆ.

ಜೋಡಣೆ

ನೀರು ಮೇಲಕ್ಕೇರುವ ಪೈಪಿನಲ್ಲಿ, ಇಲ್ಲವೇ ಸದಾ ತುಂಬಿರುವ ತಗ್ಗಿನ ಭಾಗದಲ್ಲಿ ಮಾಪಕವನ್ನು ಕೂರಿಸಬೇಕು. ಅದರ ಹಿಂದೆ ಪೈಪಿನ ವ್ಯಾಸದ 5 ಪಟ್ಟು, ಮುಂದೆ 3 ಪಟ್ಟು ನೇರ ಪೈಪು ಇರಲಿ. 2 ಅಂಗುಲದ ಪೈಪಿಗೆ ಇದು 10 ಮತ್ತು 6 ಅಂಗುಲ. ತಯಾರಕರು ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಬಾಣದ ಗುರುತು ನೀರು ಹರಿಯುವ ದಿಕ್ಕಿಗಿರಲಿ. ಅರ್ತಿಂಗ್ ತಪ್ಪಿಸಬಾರದು.

ತಾಳೆ ನೋಡುವ ಕ್ರಮ

1. ಪೈಪು ನೀರಿನಿಂದ ತುಂಬಿರುವಾಗ ಮುಂದಿನ ವಾಲ್ವ್ ಮುಚ್ಚಿ ಹರಿವು ನಿಲ್ಲಿಸಬೇಕು. ಮಾಪಕ ಸೊನ್ನೆ ತೋರಿಸಬೇಕು.

2. ಕ್ಯಾನಿನಲ್ಲಿ 20 ಕಿಲೋ ನೀರನ್ನು ತೂಗಿದರೆ ಅದು 20 ಲೀಟರ್. ಹೀಗೆ 10 ಸಲ ಡ್ರಮ್ಮಿಗೆ ಸುರಿದು 200 ಲೀಟರಿನ ಗೆರೆ ಹಾಕಿಕೊಳ್ಳಬೇಕು.

3. ಹರಿವು ಸ್ಥಿರವಾದ ಮೇಲೆ ಮಾಪಕ ದಾಟಿದ ಎಲ್ಲ ನೀರನ್ನೂ ಖಾಲಿ ಡ್ರಮ್ಮಿಗೆ ತಿರುಗಿಸಬೇಕು. ತಿರುಗಿಸಿದಾಗ ಹಾಗೂ ಗೆರೆ ಮುಟ್ಟಿದಾಗ ಮಾಪಕದ ಅಂಕಿ ಬರೆದುಕೊಳ್ಳಬೇಕು.

4. ಹೀಗೆ ಮೂರು ಸಲ ಮಾಡಬೇಕು.

ಹರಿವು ಹೆಚ್ಚಿದ್ದರೆ ಡ್ರಮ್ಮಿನ ಬದಲು ತೊಟ್ಟಿ ಬಳಸಬಹುದು. ಒಳ ಅಳತೆ 2 ಮೀಟರ್ ಉದ್ದ, 1.5 ಮೀಟರ್ ಅಗಲವಿದ್ದರೆ ನೀರು 50 ಸೆಂಟಿಮೀಟರ್ ಏರಿದಾಗ 1,500 ಲೀಟರ್ ಬಂದಿರುತ್ತದೆ.

ಸರಿಪಡಿಸುವುದು

ಮೂರು ಸಲವೂ ಮಾಪಕ 210ರ ಆಸುಪಾಸು ತೋರಿಸಿದರೆ ಅದರ ಗುಣಕವನ್ನು ಬದಲಿಸಬಹುದು. ಹಳೆಯ ಗುಣಕವನ್ನು 200ರಿಂದ ಗುಣಿಸಿ 210ರಿಂದ ಭಾಗಿಸಬೇಕು, ಗುಣಕ 1.000 ಇದ್ದರೆ 0.952 ಆಗುತ್ತದೆ. ಚಕ್ರ ತಿರುಗುವ ಮಾಪಕಗಳಲ್ಲಿ ಲೀಟರಿಗೆ ಇಷ್ಟು ಮಿಡಿತ ಎಂಬ ಲೆಕ್ಕವಿರುತ್ತದೆ. ಅಲ್ಲಿ ಇದು ತಿರುವುಮುರುವು: 10 ಇದ್ದದ್ದನ್ನು 10.5 ಮಾಡಬೇಕು.

ಮೂರು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಗುಣಕವನ್ನು ಮುಟ್ಟಬಾರದು. ದೋಷ ಗಾಳಿಯಲ್ಲೋ, ಅರ್ತಿಂಗಿನಲ್ಲೋ, ಸಡಿಲ ತಂತಿಯಲ್ಲೋ ಇರುತ್ತದೆ. ಮೊದಲು ಅದನ್ನು ಹುಡುಕಬೇಕು.

ಯಾವಾಗ ನೋಡಬೇಕು?

ಹೊಸದಾಗಿ ಕೂರಿಸಿದ ದಿನ ಸರಿಯಿದ್ದರೆ ಸಾಲದು. ಅರಸೀಕೆರೆಯ ಕಡೆ ಬೇಸಿಗೆಯಲ್ಲಿ ಬಾವಿಯ ಮಟ್ಟ ಇಳಿದು ಪಂಪು ಗಾಳಿ ಎಳೆಯತೊಡಗಿದಾಗ, ಬಾರದ ನೀರನ್ನು ಮಾಪಕ ಬಂದಂತೆ ತೋರಿಸಬಹುದು. ಆಗ ಗುಣಕ ತಿದ್ದಿ ಪ್ರಯೋಜನವಿಲ್ಲ; ವಾಲ್ವ್ ಸ್ವಲ್ಪ ಮುಚ್ಚಿ ಹರಿವು ತಗ್ಗಿಸಿ ಮತ್ತೆ ತಾಳೆ ನೋಡಬೇಕು.

ಹಳೇಬೀಡು, ಬೇಲೂರು ಕಡೆ ಕೆರೆ ಅಥವಾ ಹೊಳೆಯ ನೀರನ್ನು ಎತ್ತುವಲ್ಲಿ ಕೆಸರು, ಪಾಚಿಯ ಕಾಟ ಹೆಚ್ಚು. ಮಾಪಕದ ಒಳಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಚಕ್ರದ ಮಾಪಕಕ್ಕೆ ಮೊದಲು ಫಿಲ್ಟರ್ ಹಾಕಬೇಕು. ಹೂಮಳೆ ಬಾರದೆ ಕಾಫಿಗೆ ತುಂತುರು ನೀರು ಕೊಡುವವರು ಅದಕ್ಕೆ ಮುಂಚೆಯೇ ತಾಳೆ ನೋಡಿಕೊಳ್ಳಲಿ. ಎಕರೆಗೆ 1 ಅಂಗುಲ ನೀರೆಂದರೆ ಸುಮಾರು 1,02,800 ಲೀಟರ್. ಮಾಪಕ ಶೇಕಡ 10ರಷ್ಟು ಹೆಚ್ಚು ತೋರಿಸಿದರೆ ಎಕರೆಗೆ ಸುಮಾರು 9,300 ಲೀಟರ್ ಕಡಿಮೆ ಬೀಳುತ್ತದೆ.

ಪ್ರತಿ ಸಲದ ತಾರೀಖು, ಮಾಪಕದ ಅಂಕಿ ಮತ್ತು ಡ್ರಮ್ಮಿನ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಬಾವಿ ಸೊರಗುತ್ತಿದೆಯೇ, ಮಾಪಕ ಕೆಟ್ಟಿದೆಯೇ ಎಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.