ಎರಡನೇ ಪಂಕ್ತಿಯ ಮೇಜು

ಸಂಜೆ ಐದೂವರೆ. ಚಿವಿತಾವೆಕ್ಕಿಯಾ ಬಂದರಿನಲ್ಲಿ ರೋಮ್‌ನಿಂದ ಮರಳಿದ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿವೆ. ಎಪ್ಪತ್ತು-ಎಂಬತ್ತು ಕಿಲೋಮೀಟರಿನ ದಾರಿ, ಒಂದೂವರೆ ಗಂಟೆಯ ಕೂರಾಟ. ಇಳಿಯುವವರ ಬೂಟುಗಳ ಮೇಲೆ ಕೊಲೋಸಿಯಮ್ಮಿನ ಧೂಳು, ಕೈಯಲ್ಲಿ ಖಾಲಿ ನೀರಿನ ಬಾಟಲಿ, ಜುಲೈ ಬಿಸಿಲಿಗೆ ಕೆಂಪಾದ ಕುತ್ತಿಗೆ. ಕಾರ್ಡು ತೋರಿಸಿ, ಚೀಲವನ್ನು ಸ್ಕ್ಯಾನರಿಗೆ ಒಡ್ಡಿ ಹಡಗಿನೊಳಗೆ ಕಾಲಿಟ್ಟರೆ ಲಿಫ್ಟಿನ ಬಾಗಿಲಲ್ಲಿ ಬೇರೆಯದೇ ನೋಟ. ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತರು ಪೂಸಿಕೊಂಡ ಹಿರಿಯ ದಂಪತಿಗಳು ಊಟಕ್ಕೆ ಹೊರಟಿದ್ದಾರೆ. ಅವರದು ಮೊದಲ ಪಂಕ್ತಿ. ಆ ಬಸ್ಸಿನಿಂದ ಇಳಿದವರಲ್ಲೂ ಕೆಲವರದು ಮೊದಲ ಪಂಕ್ತಿಯೇ. ಸ್ನಾನಕ್ಕೆ ಹೊತ್ತಿಲ್ಲ, ಹಾಗೇ ಹೋಗಲು ಮನಸ್ಸಿಲ್ಲ. ಕೊನೆಗೆ ಅವರು ಮೇಲಿನ ಅಂತಸ್ತಿನ ಬಫೆಯತ್ತ ತಟ್ಟೆ ಹಿಡಿದು ನಡೆಯುತ್ತಾರೆ.

ಯುರೋಪಿನ ಕ್ರೂಸಿಗೆ ಟಿಕೆಟ್ ಕಾದಿರಿಸುವಾಗ ಏಜೆಂಟರು ಕ್ಯಾಬಿನ್ನಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಬಾಲ್ಕನಿ ಬೇಕೇ, ಕಿಟಕಿ ಸಾಕೇ, ಎಷ್ಟನೇ ಅಂತಸ್ತು? ರಾತ್ರಿಯೂಟದ ಪ್ರಶ್ನೆ ಮಾತ್ರ ಫಾರಮಿನ ಕೊನೆಯಲ್ಲಿ ಒಂದು ಗೆರೆ: ಫಿಕ್ಸೆಡ್ಡೋ, ಫ್ಲೆಕ್ಸಿಬಲ್ಲೋ? ಯೋಚಿಸದೆ ಏನೋ ಒಂದನ್ನು ಒತ್ತಿಬಿಡುತ್ತೇವೆ. ಆದರೆ ಹಡಗಿನ ಮೇಲಿನ ದಿನ ಹೇಗೆ ಸಾಗುತ್ತದೆ ಎಂಬುದನ್ನು ಬಾಲ್ಕನಿಗಿಂತ ಹೆಚ್ಚಾಗಿ ನಿರ್ಧರಿಸುವುದು ಈ ಒಂದು ಗೆರೆಯೇ.

ನಿಗದಿತ ವೇಳೆ ಅಂದರೆ ಎರಡು ಪಂಕ್ತಿ. ಅಮೆರಿಕನ್ ಕಂಪನಿಗಳ ಹಡಗುಗಳಲ್ಲಿ ಮೊದಲನೆಯದು ಐದೂವರೆ, ಆರರ ಸುಮಾರಿಗೆ; ಎರಡನೆಯದು ಎಂಟು, ಎಂಟೂವರೆಗೆ. ಮೆಡಿಟರೇನಿಯನ್ನಿನಲ್ಲಿ ಓಡುವ ಕೋಸ್ತಾ, ಎಂಎಸ್‌ಸಿಯಂಥ ಕಂಪನಿಗಳ ಹಡಗುಗಳಲ್ಲಿ ಎರಡೂ ಸಾಮಾನ್ಯವಾಗಿ ಇನ್ನಷ್ಟು ತಡ. ರಾತ್ರಿ ಒಂಬತ್ತಕ್ಕೆ ಮೊದಲು ಊಟದ ಮಾತೆತ್ತದ ಸ್ಪೇನಿನವರನ್ನು ಸಂಜೆ ಐದೂವರೆಗೆ ಮೇಜಿಗೆ ಕರೆದರೆ ಬರುವವರು ಯಾರು? ಯಾವ ಪಂಕ್ತಿಯಾದರೂ ಪ್ರತಿ ರಾತ್ರಿ ಅದೇ ಮೇಜು, ಅದೇ ಮಾಣಿ, ಪಕ್ಕದಲ್ಲಿ ಅದೇ ಮುಖಗಳು. ನಾಟಕಶಾಲೆಯ ಆಟಗಳೂ ಇದಕ್ಕೆ ಹೊಂದಿಕೊಂಡೇ ನಡೆಯುತ್ತವೆ. ಮೊದಲು ಉಂಡವರಿಗೆ ತಡದ ಆಟ, ತಡವಾಗಿ ಉಣ್ಣುವವರಿಗೆ ಮೊದಲ ಆಟ. ಫ್ಲೆಕ್ಸಿಬಲ್ ಆರಿಸಿಕೊಂಡವರು ಬೇಕೆಂದಾಗ ಹೋಗಿ, ಖಾಲಿ ಇರುವ ಮೇಜಿನಲ್ಲಿ ಕೂರುತ್ತಾರೆ. ಏಳೂವರೆಯ ಹೊತ್ತಿಗೆ ಎಲ್ಲರಿಗೂ ಒಟ್ಟಿಗೇ ಹಸಿವಾಗುವುದರಿಂದ ಬಾಗಿಲಲ್ಲಿ ಸಾಲು ಬೆಳೆಯುತ್ತದೆ.

ಹಡಗಿನಲ್ಲಿ ಬೇಕೆಂದಾಗ ಉಣ್ಣುವ ಆಸೆ ನಮ್ಮ ಕಾಲದ್ದಲ್ಲ. 1905ರಲ್ಲಿ ನೀರಿಗಿಳಿದ ಜರ್ಮನಿಯ ‘ಅಮೆರಿಕಾ’ ಹಡಗಿನಲ್ಲೇ ಶ್ರೀಮಂತರಿಗಾಗಿ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. 1912ರ ಟೈಟಾನಿಕ್‌ನಲ್ಲಿ ಊಟದ ಹೊತ್ತನ್ನು ಕಹಳೆಯೂದಿ ಸಾರುತ್ತಿದ್ದರು. ಕಹಳೆಗೆ ಕಾಯಲೊಲ್ಲದ ಮೊದಲ ದರ್ಜೆಯವರು ಹೆಚ್ಚಿನ ಹಣ ತೆತ್ತು ಅಲ್ಲಿನ ಬೇರೆ ರೆಸ್ಟೋರೆಂಟಿಗೆ ಹೋಗುತ್ತಿದ್ದರು. ಅಂದರೆ ವೇಳೆಯ ಸ್ವಾತಂತ್ರ್ಯಕ್ಕೆ ಆಗ ಬೆಲೆಯಿತ್ತು. ಅದನ್ನು ಹಡಗಿಗೆ ಹತ್ತಿದ ಎಲ್ಲರಿಗೂ ಹಂಚಿದ್ದು ನಾರ್ವೀಜಿಯನ್ ಕ್ರೂಸ್ ಲೈನ್, 2000ದಲ್ಲಿ. ಒಂದೊಂದಾಗಿ ಉಳಿದ ಕಂಪನಿಗಳೂ ಆ ದಾರಿ ಹಿಡಿದವು. ಕ್ಯೂನಾರ್ಡಿನ ‘ಕ್ವೀನ್ ಮೇರಿ 2’ರಂಥ ಹಡಗು ಹಳೆಯ ಪಂಕ್ತಿಯ ಪದ್ಧತಿಯನ್ನು ಉಳಿಸಿಕೊಂಡೇ ಬಂತು.

ಈಗ ಇನ್ನೊಂದು ದಿನ, ರಾತ್ರಿ ಎಂಟೂಕಾಲು. ನೇಪಲ್ಸ್ ಬಿಟ್ಟು ಹೆಚ್ಚು ಹೊತ್ತಾಗಿಲ್ಲ. ಊಟದ ಮನೆಯ ಎರಡಾಳೆತ್ತರದ ಗಾಜಿನಾಚೆ ವೆಸೂವಿಯಸ್ಸಿನ ಜೋಡಿ ಶಿಖರ ನೇರಳೆಗೆ ತಿರುಗುತ್ತಿದೆ. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಗೆ. ಮುಕ್ಕಾಲು ಗಂಟೆಯ ಹಿಂದಷ್ಟೇ ಇದೇ ಮೇಜುಗಳಿಂದ ಮೊದಲ ಪಂಕ್ತಿ ಎದ್ದಿದೆ. ಎಂಜಲು ತಟ್ಟೆ ಹೋಗಿ, ಹೊಸ ಬಿಳಿ ಹಾಸು ಬಿದ್ದು, ಚಮಚ-ಫೋರ್ಕುಗಳು ಸಾಲುಗೂಡಿ, ನ್ಯಾಪ್‌ಕಿನ್ನುಗಳು ಗೋಪುರವಾಗಿ ನಿಂತಿವೆ. ನೂರಾರು ಮೇಜುಗಳನ್ನು ಇಷ್ಟು ಬೇಗ ಎತ್ತಿ ಹಾಸಿದ ಹುಡುಗರ ಮುಖದಲ್ಲಿ ಆಯಾಸದ ಗುರುತಿಲ್ಲ. ಬಾಗಿಲು ತೆರೆಯುತ್ತದೆ. ಜನ ನುಗ್ಗುವುದಿಲ್ಲ, ತಮ್ಮ ತಮ್ಮ ಜಾಗಕ್ಕೆ ನಡೆದುಹೋಗುತ್ತಾರೆ.

ಮಾಣಿಗಳಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾದವರು ಬಹಳ. ಅವರ ನಡುವೆ ಗೋವೆಯವರು, ಕೇರಳದವರು. ಮಂಗಳೂರು, ಉಡುಪಿ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವರೂ ಇದ್ದಾರೆ. ನಮ್ಮ ಮೇಜಿಗೆ ಅಂಥ ಕರಾವಳಿಯ ಹುಡುಗನೊಬ್ಬ ಸಿಕ್ಕಿದ್ದ. ಮೊದಲ ರಾತ್ರಿ ನಮ್ಮ ತಾಯಿ ಏನನ್ನು ಬಿಟ್ಟರು ಎಂಬುದನ್ನು ಅವನು ನೋಡಿಕೊಂಡಿದ್ದ. ಎರಡನೇ ರಾತ್ರಿ ಕುರ್ಚಿ ಎಳೆದು ಕೂರಿಸುತ್ತಲೇ, “ಅಮ್ಮಾ, ಇದ್ರಲ್ಲಿ ಬೆಳ್ಳುಳ್ಳಿ ಇಲ್ಲ, ಧೈರ್ಯವಾಗಿ ತಿನ್ನಿ. ನಾಳೆಗೆ ಅನ್ನ, ಬೇಳೆ ಮಾಡಿಸ್ತೇನೆ” ಅಂದ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ, ಆದರೆ ಹಿಂದಿನ ದಿನವೇ ಹೇಳಿಡಬೇಕು. ದಿನಕ್ಕೊಂದು ಮೇಜಿನಲ್ಲಿ ಕೂತರೆ ಈರುಳ್ಳಿ-ಬೆಳ್ಳುಳ್ಳಿಯ ಕಥೆಯನ್ನು ದಿನಕ್ಕೊಬ್ಬರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಜೈನರಿಗೆ, ಮಡಿ-ಪಥ್ಯ ಪಾಲಿಸುವ ಹಿರಿಯರಿಗೆ, ಕಡಲೆಬೀಜ ಆಗದ ಮಕ್ಕಳಿಗೆ ಗುರುತಿನ ಮಾಣಿಯೊಬ್ಬ ಇರುವುದು ಸೌಕರ್ಯವಷ್ಟೇ ಅಲ್ಲ, ರಕ್ಷಣೆ.

ಮೇಜಿನ ನೆರೆಯವರ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಪಶ್ಚಿಮ ಮೆಡಿಟರೇನಿಯನ್ನಿನ ಸುತ್ತಿನಲ್ಲಿ ಎಂಎಸ್‌ಸಿ, ಕೋಸ್ತಾ ಹಡಗುಗಳಿಗೆ ಜನ ಒಂದೇ ಊರಿನಿಂದ ಹತ್ತುವುದಿಲ್ಲ. ಕೆಲವರು ಬಾರ್ಸಿಲೋನಾದಲ್ಲಿ, ಕೆಲವರು ಮಾರ್ಸೇಯಲ್ಲಿ, ಇನ್ನು ಕೆಲವರು ಜಿನೋವಾದಲ್ಲಿ. ನಿನ್ನೆ ಮೊಮ್ಮಗಳ ಫೋಟೋ ತೋರಿಸಿದ ಫ್ರೆಂಚ್ ಅಜ್ಜಿ ಇಂದು ಇಳಿದುಹೋಗಿರುತ್ತಾರೆ, ಅವರ ಕುರ್ಚಿಯಲ್ಲಿ ಹೊಸಬರು. ಮೇಜು ಸ್ಥಿರ, ಮಂದಿ ಅಸ್ಥಿರ.

ಇನ್ನು ನಮ್ಮ ಮೈಯೊಳಗಿನ ಗಡಿಯಾರ. ಬೇಸಿಗೆಯಲ್ಲಿ ಇಟಲಿಗಿಂತ ಭಾರತ ಮೂರೂವರೆ ಗಂಟೆ ಮುಂದೆ. ಹಡಗಿನ ಎಂಟೂಕಾಲು ಬೆಂಗಳೂರಿನಿಂದ ಆಗಷ್ಟೇ ಬಂದ ದೇಹಕ್ಕೆ ಮಧ್ಯರಾತ್ರಿ ಹತ್ತಿರದ ಹನ್ನೊಂದೂಮುಕ್ಕಾಲು. ಮೊದಲ ಎರಡು ರಾತ್ರಿ ಮಕ್ಕಳು ಸೂಪಿನ ಬಟ್ಟಲಿನ ಮುಂದೆಯೇ ತೂಕಡಿಸುತ್ತಾರೆ. ಹಡಗು ಹತ್ತುವ ಊರಿಗೆ ಎರಡು ದಿನ ಮೊದಲೇ ಹೋಗಿ ಉಳಿಯುವುದು ಇದಕ್ಕೆ ನಾನು ಕಂಡ ನೇರ ಪರಿಹಾರ. ಇಟಲಿಯಿಂದ ಗ್ರೀಸಿಗೆ ದಾಟುವ ರಾತ್ರಿ ಗಡಿಯಾರವನ್ನು ಮತ್ತೆ ಒಂದು ಗಂಟೆ ಮುಂದಿಡಬೇಕು.

ಫ್ಲೆಕ್ಸಿಬಲ್ ಊಟವೇ ಬೇಕಾಗುವ ನೀರೂ ಇದೆ. ಸ್ಯಾಂಟೊರಿನಿಯಲ್ಲಿ ಹಡಗು ದಡ ಮುಟ್ಟುವುದಿಲ್ಲ. ದೋಣಿಯಲ್ಲಿ ದಡ ಸೇರಿ, ಕೇಬಲ್ ಕಾರಿನಲ್ಲೋ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಯೋ ಫಿರಾ ಊರಿಗೆ ಹೋಗಬೇಕು. ಅಲ್ಲಿಂದ ಮುಂದೆ ಓಯಾದ ಬಿಳಿ ಗೋಡೆಗಳ ಮೇಲೆ ಸೂರ್ಯಾಸ್ತ ನೋಡಿ, ಇಳಿಯುವ ಕೇಬಲ್ ಕಾರಿನ ಸಾಲಿನಲ್ಲಿ ನಿಂತವರಿಗೆ ಯಾವ ಪಂಕ್ತಿಯೂ ಸಿಗದು. ನಾರ್ವೆಯಲ್ಲಂತೂ ಮಾತೇ ಬೇಡ. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗೈರಾಂಗರ್ ಫ್ಯೋರ್ಡ್ ಹದಿನೈದು ಕಿಲೋಮೀಟರಿನ ಕಿರಿದಾದ ನೀರಿನ ಓಣಿ. ಹಡಗು ಅಲ್ಲಿಂದ ಹೊರಡುವಾಗ ‘ಏಳು ಸೋದರಿಯರು’ ಜಲಪಾತ ಬಂಡೆಯ ನೆತ್ತಿಯಿಂದ ಏಳು ಎಳೆಯಾಗಿ ಇಳಿಯುತ್ತಿರುತ್ತದೆ, ಮೇಲೆ ಜೂನ್ ತಿಂಗಳ ಮುಗಿಯದ ಬೆಳಕು. ಆ ಹೊತ್ತಿನಲ್ಲಿ ಒಳಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುವುದು ತೀರಾ ಅನ್ಯಾಯ. ಇನ್ನೂ ಉತ್ತರಕ್ಕೆ, ನಾರ್ಡ್‌ಕಾಪ್‌ನಲ್ಲಿ, ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯ ಸೂರ್ಯನನ್ನು ನೋಡಹೋಗುವವರಿಗೆ ಊಟದ ವೇಳೆ ಸಡಿಲವಾಗಿಯೇ ಇರಲಿ.

ನನ್ನ ತೀರ್ಮಾನ ಇದು. ನಾರ್ವೆಗಾದರೆ ಫ್ಲೆಕ್ಸಿಬಲ್, ಗ್ರೀಸಿನ ದ್ವೀಪಗಳಿಗೂ ಅದೇ. ರೋಮ್, ಫ್ಲಾರೆನ್ಸ್, ನೇಪಲ್ಸ್, ಬಾರ್ಸಿಲೋನಾ ಎಂದು ಹಗಲಿಡೀ ಊರು ಸುತ್ತಿ ಬರುವ ಪಶ್ಚಿಮ ಮೆಡಿಟರೇನಿಯನ್ನಿಗೆ ನಿಗದಿತ ವೇಳೆ, ಅದರಲ್ಲೂ ಎರಡನೇ ಪಂಕ್ತಿ. ಬಸ್ಸಿಳಿದು, ಮಿಂದು, ಅರ್ಧ ಗಂಟೆ ಮಲಗೆದ್ದು ಹೋಗಲು ಅಲ್ಲಿ ಪುರುಸೊತ್ತು ಇದೆ. ಎಂಟರ ಮೇಲೆ ಉಣ್ಣುವುದು ನಮ್ಮ ಮನೆಗಳ ರೂಢಿಯೂ ಹೌದು. ಜತೆಗೆ ಹಿರಿಯರಿದ್ದು ಊಟದಲ್ಲಿ ಕಟ್ಟುನಿಟ್ಟು ಇದ್ದರೆ ಎರಡನೆಯ ಯೋಚನೆಯೇ ಬೇಡ. ಎಲ್ಲೋ ಒಂದು ರಾತ್ರಿ ತಪ್ಪಿದರೆ ಬಫೆ ಇದ್ದೇ ಇದೆ, ಯಾರೂ ದಂಡ ಹಾಕುವುದಿಲ್ಲ. ಬರುವುದಿಲ್ಲವೆಂದು ಮಾಣಿಗೆ ಹಿಂದಿನ ರಾತ್ರಿಯೇ ಹೇಳಿಬಿಡಿ, ನಿಮ್ಮ ಹೆಸರಿನಲ್ಲಿ ಬೇಯುವ ಅನ್ನ ಹಾಳಾಗದಿರಲಿ.

ಎರಡನೇ ಪಂಕ್ತಿಯ ಮೇಜುಗಳು ಬೇಗ ತುಂಬುತ್ತವೆ. ಟಿಕೆಟ್ ಕಾದಿರಿಸುವ ದಿನವೇ ಕೇಳಿಕೊಳ್ಳಿ. ಸಿಗದೆ ಹೋದರೆ ಹಡಗು ಹತ್ತಿದ ಮಧ್ಯಾಹ್ನ, ಸಾಮಾನು ಕ್ಯಾಬಿನ್ನಿಗೆ ಬರುವ ಮುನ್ನವೇ, ಊಟದ ಮನೆಯ ಮೇಲ್ವಿಚಾರಕರನ್ನು ಹೋಗಿ ಕಾಣಿ. ಪಂಕ್ತಿ ಬದಲಿಸಿಕೊಡುವುದು ಆ ಮಧ್ಯಾಹ್ನದ ಅವರ ಮುಖ್ಯ ಕೆಲಸಗಳಲ್ಲೊಂದು.